ಸಿಂಗಪುರದಿಂದ ಟೋಕಿಯೊಗೆ ಎಷ್ಟು ದೂರ, ಎಷ್ಟು ಹೊತ್ತು? ನೀವೇ ಲೆಕ್ಕ ಹಾಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಎರಡು ಊರುಗಳ ಹೆಸರು ಕೊಟ್ಟು ದೂರ ಕೇಳಿದರೆ ಇಂಟರ್‌ನೆಟ್ ಒಂದು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಸಿಂಗಪುರ–ಟೋಕಿಯೊ 5,300 ಕಿ.ಮೀ., ಸುಮಾರು ಆರು ಗಂಟೆ ಪ್ರಯಾಣ. ಮೊದಲ ಅಂಕಿ ಸರಿಯಾಗಿದೆ. ಎರಡನೆಯದನ್ನು ನಂಬಿ ಪ್ಲ್ಯಾನ್ ಮಾಡಿದರೆ ಮಾತ್ರ ಕೆಡುತ್ತದೆ. ಏಕೆಂದರೆ ಅಂಥ ಸೈಟುಗಳಲ್ಲಿ ಹೆಚ್ಚಿನವು ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಸುಮ್ನೆ ಒಂದು ಉತ್ತರ ಕೊಡುತ್ತವೆ. ವಿಮಾನ ಹಾಗೆ ಹಾರುವುದಿಲ್ಲ. ಹೋಗುವಾಗ ಹಿಡಿಯುವಷ್ಟೇ ಸಮಯ ವಾಪಸ್ ಬರುವಾಗ ಹಿಡಿಯುವುದೂ ಇಲ್ಲ.

ಹಾಗಾಗಿ ಈ ಒಂದೇ ಜೋಡಿಯನ್ನು ಇಟ್ಟುಕೊಂಡು, ದೂರದಿಂದ ಶುರುಮಾಡಿ ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗಿನ ಸಮಯದ ತನಕ ಹಂತ ಹಂತವಾಗಿ ಲೆಕ್ಕ ಹಾಕೋಣ. ವಿಧಾನ ಗೊತ್ತಾದರೆ ಏಷ್ಯಾದ ಬೇರೆ ಯಾವ ಎರಡು ಊರಿಗೂ ಇದನ್ನೇ ಬಳಸಬಹುದು. ಬೇಕಾಗುವುದು ಮೊಬೈಲಿನ ಕ್ಯಾಲ್ಕ್ಯುಲೇಟರ್ ಮತ್ತು ಒಂದು ಹಾಳೆ, ಅಷ್ಟೇ.

ಹಂತ 1: ಊರು ಬಿಡಿ, ವಿಮಾನ ನಿಲ್ದಾಣ ಹಿಡಿಯಿರಿ

ಸಿಂಗಪುರದ ಕಡೆ ಗೊಂದಲವಿಲ್ಲ. ಪ್ರಯಾಣಿಕರ ದೊಡ್ಡ ವಿಮಾನಗಳೆಲ್ಲ ಚಾಂಗಿಯಿಂದಲೇ ಹೊರಡುತ್ತವೆ. ಟೋಕಿಯೊಗೆ ಮಾತ್ರ ಎರಡು ನಿಲ್ದಾಣಗಳಿವೆ. ಹಾನೆಡಾ ಊರಿಗೆ ಅಂಟಿಕೊಂಡೇ ಇದೆ, ನಡುಪೇಟೆಯಿಂದ ಸುಮಾರು 15 ಕಿ.ಮೀ. ನಾರಿಟಾ 1978ರಲ್ಲಿ ಶುರುವಾದದ್ದು, ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಪಕ್ಕದ ಚಿಬಾ ಪ್ರಾಂತ್ಯದಲ್ಲಿದೆ.

ಟಿಕೆಟ್ ಹುಡುಕುವಾಗ ಟೋಕಿಯೊ ಎಂದು ಟೈಪ್ ಮಾಡಿದರೆ ಟಿವೈಒ ಎಂಬ ಕೋಡ್ ಬರುತ್ತದೆ. ಅದು ಇಡೀ ನಗರದ ಕೋಡ್, ಎರಡೂ ನಿಲ್ದಾಣಗಳು ಅದರಲ್ಲಿ ಸೇರಿರುತ್ತವೆ. ಹಾನೆಡಾ ಮಾತ್ರ ಬೇಕಿದ್ದರೆ ಎಚ್‌ಎನ್‌ಡಿ, ನಾರಿಟಾ ಬೇಕಿದ್ದರೆ ಎನ್‌ಆರ್‌ಟಿ ಎಂದು ಹಾಕಿ. ಹೋಗುವುದು ಒಂದಕ್ಕೆ, ವಾಪಸ್ ಹೊರಡುವುದು ಇನ್ನೊಂದರಿಂದ ಆಗುವ ಟಿಕೆಟ್‌ಗಳೂ ಈ ಹುಡುಕಾಟದಲ್ಲಿ ಬರುತ್ತವೆ. ದುಡ್ಡು ಕಟ್ಟುವ ಮೊದಲು ಎರಡೂ ಕಡೆಯ ಕೋಡ್ ಓದಿ.

ಆಕಾಶದಲ್ಲಿ ಇವೆರಡರ ವ್ಯತ್ಯಾಸ ಐವತ್ತು ಅರವತ್ತು ಕಿ.ಮೀ., ಅಂದರೆ ನಾಲ್ಕೈದು ನಿಮಿಷ. ನೆಲದ ಮೇಲೆ ಅದೇ ವ್ಯತ್ಯಾಸಕ್ಕೆ ಅರ್ಧ ಗಂಟೆಯೂ ಹೋಗಬಹುದು, ಒಂದು ಗಂಟೆಯೂ ಹೋಗಬಹುದು.

ಹಂತ 2: ದೂರವನ್ನು ನೀವೇ ಅಳೆಯಿರಿ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಗೆ ಗ್ರೇಟ್ ಸರ್ಕಲ್ ದಾರಿ ಎನ್ನುತ್ತಾರೆ. ಗ್ಲೋಬ್ ಮೇಲೆ ಎರಡು ಊರಿಗೂ ಒಂದು ದಾರ ಹಿಡಿದು ಬಿಗಿಯಾಗಿ ಎಳೆದರೆ ಅದು ಎಲ್ಲಿ ಕೂರುತ್ತದೋ ಅದೇ ಈ ದಾರಿ. ಲೆಕ್ಕ ಹಾಕಲು ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬೇಕು.

ಚಾಂಗಿ: ಉತ್ತರ 1.36, ಪೂರ್ವ 103.99.
ಹಾನೆಡಾ: ಉತ್ತರ 35.55, ಪೂರ್ವ 139.78.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಕೆಲವು ನಕ್ಷೆಗಳು ಅಕ್ಷಾಂಶವನ್ನು ಡಿಗ್ರಿ ಮತ್ತು ಮಿನಿಟ್‌ಗಳಲ್ಲಿ ಕೊಡುತ್ತವೆ. 35 ಡಿಗ್ರಿ 33 ಮಿನಿಟ್ ಎಂದರೆ 35.33 ಅಲ್ಲ. ಮಿನಿಟ್ ಅನ್ನು 60ರಿಂದ ಭಾಗಿಸಬೇಕು, ಆಗ 35.55 ಬರುತ್ತದೆ. ಇನ್ನೊಂದು, ಕ್ಯಾಲ್ಕ್ಯುಲೇಟರ್ ಡಿಗ್ರಿ ಮೋಡ್‌ನಲ್ಲಿರಬೇಕು. ರೇಡಿಯನ್‌ನಲ್ಲಿದ್ದರೆ ಉತ್ತರ ಅರ್ಥವಿಲ್ಲದ್ದು ಬರುತ್ತದೆ.

ಈಗ ಲೆಕ್ಕ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.0237 × 0.5814 = 0.0138. ರೇಖಾಂಶಗಳ ವ್ಯತ್ಯಾಸ ತೆಗೆಯಿರಿ: 139.78 − 103.99 = 35.79. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ಈ ವ್ಯತ್ಯಾಸದ ಕೊಸೈನನ್ನೂ ಒಟ್ಟಿಗೆ ಗುಣಿಸಿ: 0.9997 × 0.8136 × 0.8112 = 0.6598. ಎರಡನ್ನೂ ಕೂಡಿ: 0.6736. ಇದರ ವಿಲೋಮ ಕೊಸೈನ್ ತೆಗೆದರೆ 47.65 ಡಿಗ್ರಿ. ಭೂಮಿಯ ಮೇಲೆ ಗ್ರೇಟ್ ಸರ್ಕಲ್‌ನ ಒಂದು ಡಿಗ್ರಿ ಎಂದರೆ 111.2 ಕಿ.ಮೀ. ಗುಣಿಸಿದರೆ ಸುಮಾರು 5,300 ಕಿ.ಮೀ.

ಭೂಮಿ ಪೂರ್ತಿ ದುಂಡಗಿಲ್ಲ, ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆ. ಅದರಿಂದ ಈ ಲೆಕ್ಕದಲ್ಲಿ ಹೆಚ್ಚೆಂದರೆ ಶೇಕಡಾ ಅರ್ಧದಷ್ಟು ತಪ್ಪು ಬರಬಹುದು. ಪ್ರಯಾಣಕ್ಕೆ ಅದು ಲೆಕ್ಕಕ್ಕಿಲ್ಲ.

ಮೈಲಿಯಲ್ಲಿ ಬೇಕಿದ್ದರೆ 1.609ರಿಂದ ಭಾಗಿಸಿ, ಸುಮಾರು 3,290 ಬರುತ್ತದೆ. ವಿಮಾನದವರು ಬಳಸುವ ನಾಟಿಕಲ್ ಮೈಲಿಗೆ 1.852ರಿಂದ ಭಾಗಿಸಿ, ಸುಮಾರು 2,860. ಒಂದೊಂದು ಸೈಟ್ ಒಂದೊಂದು ಅಂಕಿ ತೋರಿಸುವುದಕ್ಕೆ ಅರ್ಧ ಕಾರಣ ಇದೇ. ಉಳಿದರ್ಧ, ಕೆಲವರು ನಿಲ್ದಾಣದ ಬದಲು ನಗರದ ನಡುಭಾಗದಿಂದ ಅಳೆಯುತ್ತಾರೆ. ಅದರಿಂದ ಇಪ್ಪತ್ತು ಕಿ.ಮೀ. ಆಚೀಚೆ ಆಗುತ್ತದೆ. ಲೆಕ್ಕ ಬೇಡ ಎನ್ನುವವರಿಗೆ ಗೂಗಲ್ ಅರ್ತ್‌ನ ಅಳತೆಪಟ್ಟಿ ಇದೆ, ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ಸೈಟೂ ಇದೆ. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಿ, ಆಮೇಲೆ ಯಾವ ಅಂಕಿ ನೋಡಿದರೂ ಅದು ಎಲ್ಲಿಂದ ಬಂತು ಎಂದು ತಿಳಿಯುತ್ತದೆ.

ಚಪ್ಪಟೆ ನಕ್ಷೆಯ ವಿಷಯ

ಗೋಡೆಗೆ ನೇತು ಹಾಕುವ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಭೂಮಧ್ಯ ರೇಖೆಯ ಮೇಲೆ ರೇಖಾಂಶದ ಒಂದು ಡಿಗ್ರಿ 111 ಕಿ.ಮೀ. ಇದ್ದರೆ, ಟೋಕಿಯೊ ಇರುವ ಅಕ್ಷಾಂಶದಲ್ಲಿ ಅದು ಸುಮಾರು 90 ಕಿ.ಮೀ.ಗೆ ಇಳಿದಿರುತ್ತದೆ. ನಕ್ಷೆ ಎರಡನ್ನೂ ಒಂದೇ ಅಗಲಕ್ಕೆ ಎಳೆದು ತೋರಿಸುತ್ತದೆ.

ಮಜಾ ಏನೆಂದರೆ ನಮ್ಮ ಈ ಜೋಡಿಗೆ ನಕ್ಷೆಯ ನೇರ ಗೆರೆಯಿಂದ ದೊಡ್ಡ ಮೋಸವಾಗುವುದಿಲ್ಲ. ನಾವಿಕರ ಮರ್ಕೇಟರ್ ನಕ್ಷೆಯ ನೇರ ಗೆರೆಯ ಮೇಲೆಯೇ ಹಾರಿದರೂ ದಾರಿ ಹತ್ತು ಹನ್ನೆರಡು ಕಿ.ಮೀ. ಅಷ್ಟೇ ಉದ್ದವಾಗುತ್ತದೆ. ಒಂದು ಊರು ಭೂಮಧ್ಯ ರೇಖೆಯ ಪಕ್ಕದಲ್ಲಿರುವುದರಿಂದ ಹೀಗೆ. ಪೂರ್ವ–ಪಶ್ಚಿಮವಾಗಿ, ಉತ್ತರದಲ್ಲಿರುವ ಜೋಡಿ ತೆಗೆದುಕೊಳ್ಳಿ. ಇಸ್ತಾಂಬುಲ್–ಟೋಕಿಯೊ ಗ್ರೇಟ್ ಸರ್ಕಲ್ ದಾರಿ ಸುಮಾರು 8,960 ಕಿ.ಮೀ. ನಕ್ಷೆಯ ನೇರ ಗೆರೆ ಅದಕ್ಕಿಂತ 700 ಕಿ.ಮೀ.ಗೂ ಜಾಸ್ತಿ. ಎಚ್ಚರಿಕೆ ಬೇಕಾದದ್ದು ಅಂಥ ಕಡೆ.

ನಮ್ಮ ದಾರಿಯ ನಡುಬಿಂದು ಎಲ್ಲಿ ಬೀಳುತ್ತದೆ ಗೊತ್ತಾ? ಉತ್ತರ 19, ಪೂರ್ವ 120ರ ಆಸುಪಾಸು, ಅಂದರೆ ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ ವಾಯವ್ಯ ಮೂಲೆಯ ಸಮುದ್ರ. ಅಲ್ಲಿಂದ ಮುಂದೆ ತೈವಾನ್‌ನ ಪೂರ್ವಕ್ಕೆ, ಒಕಿನಾವಾ ಕಡೆಯಿಂದ ಜಪಾನ್. ಸೀಟಿನ ಮುಂದಿನ ಸ್ಕ್ರೀನ್‌ನಲ್ಲಿ ವಿಮಾನ ಲುಜಾನ್ ಹತ್ತಿರ ಬಂದಾಗ ಅರ್ಧ ದಾರಿ ಮುಗಿಯಿತು ಎಂದುಕೊಳ್ಳಬಹುದು.

ಹಂತ 3: ದೂರದಿಂದ ಸಮಯಕ್ಕೆ

5,300ನ್ನು 900ರಿಂದ ಭಾಗಿಸಿದರೆ 5 ಗಂಟೆ 53 ನಿಮಿಷ. ಇದೇ ಆ 'ಆರು ಗಂಟೆ'ಯ ಮೂಲ. ಇದಕ್ಕೆ ಮೂರು ತಿದ್ದುಪಡಿ ಬೇಕು.

ಒಂದು, ವಿಮಾನಗಳು ಗ್ರೇಟ್ ಸರ್ಕಲ್ ಗೆರೆಯ ಮೇಲೆ ಕರಾರುವಾಕ್ಕಾಗಿ ಹಾರುವುದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ಕಡೆಗೇ ಏರಬೇಕು. ಆಮೇಲೆ ಗೊತ್ತುಮಾಡಿದ ವಾಯುಮಾರ್ಗ ಹಿಡಿಯಬೇಕು, ಮೋಡ ಗುಡುಗು ಇದ್ದರೆ ಸುತ್ತಬೇಕು, ಇಳಿಯುವ ಮುಂಚೆ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ದೂರಕ್ಕೆ ಶೇಕಡಾ 4 ಸೇರಿಸಿ. 5,300 ಆಗ 5,510 ಆಗುತ್ತದೆ.

ಎರಡು, ವೇಗ ವಿಮಾನದ ಮೇಲೆ ಹೋಗುತ್ತದೆ. ಬೋಯಿಂಗ್ 787, ಏರ್‌ಬಸ್ ಎ350 ತರಹದ ದೊಡ್ಡ ವಿಮಾನಗಳು ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತವೆ. ಎ320, 737 ತರಹದ ಒಂದೇ ಓಣಿಯ ವಿಮಾನಗಳಿಗೆ 830 ಹಿಡಿಯಿರಿ.

ಮೂರು, ಏರುವಾಗ ಮತ್ತು ಇಳಿಯುವಾಗ ವಿಮಾನ ಆ ವೇಗದಲ್ಲಿ ಇರುವುದಿಲ್ಲ. ಅದರಿಂದ ಹೋಗುವ ಸಮಯ ಸುಮಾರು 20 ನಿಮಿಷ. ಗೇಟ್ ಬಿಟ್ಟು ರನ್‌ವೇ ಸೇರುವುದು, ಇಳಿದ ಮೇಲೆ ಗೇಟ್ ಮುಟ್ಟುವುದು, ಜೊತೆಗೆ ಕಂಪನಿಯವರು ಟೈಮ್‌ಟೇಬಲ್‌ನಲ್ಲಿ ಇಟ್ಟುಕೊಳ್ಳುವ ಹೆಚ್ಚುವರಿ ಸಮಯ ಸೇರಿ ಇನ್ನೊಂದು 30 ನಿಮಿಷ. ಒಟ್ಟು 50.

ಆದ್ದರಿಂದ ನಾನು ಬಳಸುವ ಸೂತ್ರ ಇದು: ದೂರ × 1.04 ÷ ವೇಗ, ಅದಕ್ಕೆ 50 ನಿಮಿಷ ಕೂಡಿಸಿ. ಸಿಂಗಪುರ–ಟೋಕಿಯೊಗೆ 6 ಗಂಟೆ 7 ನಿಮಿಷ, ಮತ್ತೆ 50, ಅಂದರೆ ಹತ್ತಿರ ಹತ್ತಿರ ಏಳು ಗಂಟೆ. ಟಿಕೆಟ್ ಮೇಲಿನ ಸಮಯ ಇದರ ಆಚೀಚೆಯೇ ಇರುತ್ತದೆ. ಟಿಕೆಟ್‌ನ ಸಮಯ ಗೇಟ್‌ನಿಂದ ಗೇಟ್‌ಗೆ, ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. 'ನಮ್ಮ ಹಾರಾಟ ಆರು ಗಂಟೆ ಇಪ್ಪತ್ತು ನಿಮಿಷ' ಎಂದು ಪೈಲಟ್ ಹೇಳಿದರೆ ಅದು ಗಾಳಿಯಲ್ಲಿರುವ ಸಮಯ ಮಾತ್ರ. ಎರಡನ್ನೂ ಹೋಲಿಸಿ ವಿಮಾನ ಬೇಗ ತಲುಪುತ್ತದೆ ಎಂದು ಖುಷಿಪಡಬೇಡಿ.

ಆ 50 ನಿಮಿಷ ದೂರ ಎಷ್ಟಿದ್ದರೂ ಬದಲಾಗುವುದಿಲ್ಲ. ಸಿಂಗಪುರ–ಬ್ಯಾಂಕಾಕ್ ಸುಮಾರು 1,415 ಕಿ.ಮೀ. ಇದೇ ಸೂತ್ರದಲ್ಲಿ ಸಣ್ಣ ವಿಮಾನಕ್ಕೆ ಎರಡೂವರೆ ಗಂಟೆ ಬರುತ್ತದೆ. ಟೋಕಿಯೊ ಅದರ ಮೂರೂ ಮುಕ್ಕಾಲು ಪಟ್ಟು ದೂರ. ಸಮಯ ಮಾತ್ರ ಮೂರು ಪಟ್ಟಿಗಿಂತ ಕಡಿಮೆ.

ಹಂತ 4: ಗಾಳಿ

ಬೇರೆಲ್ಲ ಕೂಡು–ಕಳೆ ಲೆಕ್ಕ, ಕತೆ ಇರುವುದು ಇಲ್ಲಿ. ಭೂಮಿಯ ನಡು ಅಕ್ಷಾಂಶಗಳಲ್ಲಿ, ವಿಮಾನ ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಪಟ್ಟಿ ಹರಿಯುತ್ತದೆ. ಚಳಿಗಾಲದಲ್ಲಿ ಇದು ಜಗತ್ತಿನಲ್ಲೇ ತುಂಬಾ ಜೋರಾಗಿರುವ ಜಾಗಗಳಲ್ಲಿ ಜಪಾನಿನ ಆಕಾಶವೂ ಒಂದು. ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು.

ಇದನ್ನು ಮೊದಮೊದಲು ಅಳೆದವರೂ ಜಪಾನಿನವರೇ. ವಾಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಟೋಕಿಯೊದ ಈಶಾನ್ಯಕ್ಕಿರುವ ಟಾಟೆನೊದಲ್ಲಿ ಬಲೂನು ಬಿಟ್ಟು ಈ ಗಾಳಿಯನ್ನು ದಾಖಲಿಸಿದರು. ಜಗತ್ತೆಲ್ಲ ಓದಲಿ ಎಂದು ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಓದಿದವರು ಕಡಿಮೆ ಎಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ದಾರಿಯ ಮೂರು ಪಾಲಿನಲ್ಲಿ ಮೊದಲ ಎರಡು ಪಾಲು ಉಷ್ಣವಲಯದಲ್ಲಿ, ಅಲ್ಲಿ ಈ ಗಾಳಿಯ ಕಾಟ ಕಡಿಮೆ. ತೈವಾನ್ ಪಕ್ಕ ದಾಟಿದ ಮೇಲಿನ ಕೊನೆಯ 1,800 ಕಿ.ಮೀ. ಮಾತ್ರ ಅದರ ಕೈಯಲ್ಲಿದೆ. ಅಲ್ಲಿ ವಿಮಾನ ಈಶಾನ್ಯಕ್ಕೆ ಹೋಗುತ್ತಿರುತ್ತದೆ, ಗಾಳಿ ಪೂರ್ವಕ್ಕೆ. ಆದ್ದರಿಂದ ಗಾಳಿಯ ಪೂರ್ತಿ ಬಲ ಸಿಗುವುದಿಲ್ಲ, ಸುಮಾರು ಶೇಕಡಾ 80 ಸಿಗುತ್ತದೆ. 190 ಕಿ.ಮೀ. ವೇಗದ ಗಾಳಿಯಿದ್ದರೆ ವಿಮಾನಕ್ಕೆ ಸಿಗುವ ತಳ್ಳು 150.

ಗಾಳಿಯಿಲ್ಲದೆ 1,800 ಕಿ.ಮೀ.ಗೆ ಎರಡು ಗಂಟೆ. ಬೆನ್ನಿಗೆ 150 ಬೀಸಿದರೆ ನೆಲದ ಮೇಲಿನ ವೇಗ 1,050 ಆಗಿ, 1 ಗಂಟೆ 43 ನಿಮಿಷ ಸಾಕು. ವಾಪಸ್ ಬರುವಾಗ ಅದೇ ಗಾಳಿ ಎದುರಾದರೆ ವೇಗ 750ಕ್ಕೆ ಇಳಿದು 2 ಗಂಟೆ 24 ನಿಮಿಷ ಬೇಕು. ಹೋಗುವಾಗ ಉಳಿದದ್ದು 17 ನಿಮಿಷ, ಬರುವಾಗ ಕಳೆದದ್ದು 24. ಗಾಳಿ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಯಾವಾಗಲೂ ಜಾಸ್ತಿ, ಏಕೆಂದರೆ ನಿಧಾನವಾದಾಗ ಅದೇ ಗಾಳಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಹಾಕಿಕೊಂಡಿರುತ್ತೀರಿ.

ಹೀಗಾಗಿ ಸಿಂಗಪುರದಿಂದ ಹೋಗುವಾಗ ಆರೂವರೆಯಿಂದ ಏಳು ಗಂಟೆ, ಟೋಕಿಯೊದಿಂದ ಬರುವಾಗ ಏಳರಿಂದ ಏಳೂವರೆ, ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಮೇಲೆ ಎಂದು ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಜೆಟ್ ಸ್ಟ್ರೀಮ್ ಸಪ್ಪಗಾಗಿ ಉತ್ತರಕ್ಕೆ ಸರಿಯುತ್ತದೆ, ಎರಡರ ಅಂತರ ಕಿರಿದಾಗುತ್ತದೆ. ಆದರೆ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇದೇ ದಾರಿಗೆ ಟೈಫೂನ್‌ಗಳ ಕಾಲ. ಅದಕ್ಕೆ ಸೂತ್ರವಿಲ್ಲ. ಆ ತಿಂಗಳುಗಳಲ್ಲಿ ಮುಖ್ಯ ಕೆಲಸವಿದ್ದರೆ ಒಂದು ದಿನ ಮುಂಚೆಯೇ ತಲುಪಿ.

ಹಂತ 5: ಟಿಕೆಟ್ ಓದುವುದು

ಟಿಕೆಟ್ ಮೇಲಿರುವುದು ಆಯಾ ಊರಿನ ಗಡಿಯಾರದ ಸಮಯ. ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕೆ ಯುಟಿಸಿ ಎನ್ನುತ್ತಾರೆ. ಸಿಂಗಪುರ ಯುಟಿಸಿಗಿಂತ 8 ಗಂಟೆ ಮುಂದೆ, ಜಪಾನ್ 9 ಗಂಟೆ ಮುಂದೆ. ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿ ಎರಡೂ ಕಡೆ ಇಲ್ಲ, ವರ್ಷವಿಡೀ ವ್ಯತ್ಯಾಸ ಒಂದು ಗಂಟೆಯೇ.

ಉದಾಹರಣೆಗೆ, ಸಿಂಗಪುರ ಬಿಡುವುದು ರಾತ್ರಿ 10.55, ಟೋಕಿಯೊ ತಲುಪುವುದು ಮರುದಿನ ಬೆಳಿಗ್ಗೆ 6.30. ಗಡಿಯಾರದ ಅಂತರ 7 ಗಂಟೆ 35 ನಿಮಿಷ. ಪೂರ್ವಕ್ಕೆ ಹೋಗುತ್ತಿರುವುದರಿಂದ ಒಂದು ಗಂಟೆ ಕಳೆಯಿರಿ, ನಿಜವಾದ ಪ್ರಯಾಣ 6 ಗಂಟೆ 35 ನಿಮಿಷ. ಬರುವಾಗ ಬೆಳಿಗ್ಗೆ 10.30ಕ್ಕೆ ಹೊರಟು ಸಂಜೆ 4.50ಕ್ಕೆ ತಲುಪಿದರೆ ಅಂತರ 6 ಗಂಟೆ 20 ನಿಮಿಷ. ಇಲ್ಲಿ ಒಂದು ಗಂಟೆ ಕೂಡಿಸಿ, 7 ಗಂಟೆ 20 ನಿಮಿಷ. ಗಡಿಯಾರ ಮಾತ್ರ ನೋಡುವವರಿಗೆ ವಾಪಸ್ ಪ್ರಯಾಣವೇ ಚಿಕ್ಕದು ಅನ್ನಿಸುತ್ತದೆ, ನಿಜ ಅದಕ್ಕೆ ಉಲ್ಟಾ ಅಲ್ವಾ!

ಇನ್ನೊಂದು ಮಾತು. ರೇಖಾಂಶದ ಲೆಕ್ಕದಲ್ಲಿ ಸಿಂಗಪುರ ಯುಟಿಸಿಗಿಂತ 7 ಗಂಟೆ ಮುಂದಿರಬೇಕಿತ್ತು. ಮಲೇಷ್ಯಾ ತನ್ನ ಗಡಿಯಾರ ಒಂದುಗೂಡಿಸಿದಾಗ ಸಿಂಗಪುರವೂ ಅದರ ಜೊತೆಗೆ 1982ರ ಜನವರಿ 1ರಿಂದ 8ಕ್ಕೆ ಬಂತು. ನಕ್ಷೆ ನೋಡಿ ಸಮಯದ ವ್ಯತ್ಯಾಸ ಊಹಿಸಬಾರದು ಎನ್ನುವುದು ಇದಕ್ಕೇ.

ತಲುಪುವ ಸಮಯದ ಪಕ್ಕದಲ್ಲಿ '+1' ಇದ್ದರೆ ಮರುದಿನ ಎಂದರ್ಥ. ಹೋಟೆಲ್ ಬುಕ್ ಮಾಡುವಾಗ ಆ ದಿನವನ್ನೇ ಹಾಕಿ. ಬೆಳಿಗ್ಗೆ ಆರೂವರೆಗೆ ಇಳಿದವರಿಗೆ ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ.

ಹಂತ 6: ನಿನ್ನೆಯ ವಿಮಾನ ನೋಡಿ

ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ, ಕಳೆದ ಕೆಲವು ದಿನಗಳ ದಾಖಲೆ ತೆರೆಯಿರಿ. ಎಷ್ಟು ಗಂಟೆಗೆ ಏರಿತು, ಎಷ್ಟಕ್ಕೆ ಇಳಿಯಿತು, ಯಾವ ದಾರಿ ಹಿಡಿಯಿತು ಎಲ್ಲ ಸಿಗುತ್ತದೆ. ವಾರದಲ್ಲಿ ನಾಲ್ಕು ದಿನ ತಡವಾಗುವ ವಿಮಾನ ನಿಮ್ಮ ದಿನವೂ ತಡವಾಗುವ ಸಾಧ್ಯತೆಯೇ ಹೆಚ್ಚು. ಯಾವ ಲೆಕ್ಕಕ್ಕಿಂತಲೂ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಟೈಮ್‌ಟೇಬಲ್ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಆ ದಿನಾಂಕ ದಾಟುವ ಪ್ರಯಾಣವಾದರೆ ಹಳೆಯ ದಾಖಲೆ ನೆಚ್ಚಬೇಡಿ.

ಹಂತ 7: ಬಾಗಿಲಿನಿಂದ ಬಾಗಿಲಿಗೆ

ಸಿಂಗಪುರದ ನಡುಪೇಟೆಯಿಂದ ಚಾಂಗಿ ಸುಮಾರು 20 ಕಿ.ಮೀ. ಮೆಟ್ರೊ ಆದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ, ಟನಾ ಮೇರಾದಲ್ಲಿ ರೈಲು ಬದಲಿಸಬೇಕು. ವಿಮಾನಕ್ಕೆ ಎರಡೂವರೆ ಗಂಟೆ ಮುಂಚೆ ತಲುಪಿ. ಹಾರಾಟಕ್ಕೆ 6 ಗಂಟೆ 40 ನಿಮಿಷ. ಇಳಿದ ಮೇಲೆ ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಸೇರಿ ಒಂದು ಗಂಟೆ. ಹಾನೆಡಾದಿಂದ ಕೇಕ್ಯೂ ರೈಲಿನಲ್ಲಿ ಶಿನಾಗಾವಾಗೆ, ಅಥವಾ ಮಾನೋರೈಲಿನಲ್ಲಿ ಹಮಾಮಾತ್ಸುಚೊಗೆ ಕಾಲು ಗಂಟೆಯ ಆಸುಪಾಸು. ಅಲ್ಲಿಂದ ಹೋಟೆಲ್‌ಗೆ ಇನ್ನೊಂದು 25 ನಿಮಿಷ. ಕೂಡಿಸಿದರೆ ಹನ್ನೊಂದೂವರೆ ಗಂಟೆ.

ನಾರಿಟಾ ಆದರೆ ಸ್ಕೈಲೈನರ್ ರೈಲು ನಿಪ್ಪೊರಿಗೆ 40 ನಿಮಿಷದ ಆಸುಪಾಸು, ನಾರಿಟಾ ಎಕ್ಸ್‌ಪ್ರೆಸ್ ಟೋಕಿಯೊ ಸ್ಟೇಷನ್‌ಗೆ ಸುಮಾರು ಒಂದು ಗಂಟೆ. ಉಳಿಯುವುದು ಊರಿನ ಈಶಾನ್ಯದ ಉಎನೊ ಕಡೆಯಾದರೆ ನಾರಿಟಾ ಅಷ್ಟೇನೂ ತೊಂದರೆಯಲ್ಲ. ನೈಋತ್ಯದ ಶಿಬುಯಾ ಕಡೆಯಾದರೆ ಹಾನೆಡಾಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ರಾತ್ರಿ ಇಳಿಯುವವರು ಗಮನಿಸಿ. ಟೋಕಿಯೊದ ರೈಲುಗಳು ಮಧ್ಯರಾತ್ರಿಯ ಸುಮಾರಿಗೆ ನಿಂತು ಬೆಳಿಗ್ಗೆ ಐದರ ಹೊತ್ತಿಗೆ ಶುರುವಾಗುತ್ತವೆ. ನಾರಿಟಾದಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ವಿಮಾನಗಳಿಗೂ ನಿರ್ಬಂಧವಿದೆ. ಹಾನೆಡಾ ದಿನದ 24 ಗಂಟೆಯೂ ತೆರೆದಿರುತ್ತದೆ, ಆದರೆ ರಾತ್ರಿ ಹನ್ನೊಂದೂವರೆಗೆ ಇಳಿದರೆ ಕೊನೆಯ ರೈಲು ತಪ್ಪುವ ಸಾಧ್ಯತೆ ಇದೆ. ಟ್ಯಾಕ್ಸಿ ಖರ್ಚನ್ನೂ ಟಿಕೆಟ್ ಬೆಲೆಗೆ ಸೇರಿಸಿ ನೋಡಿ.

ನಡುವೆ ಇಳಿದು ಹೋಗುವ ಟಿಕೆಟ್

ಹಾಂಗ್‌ಕಾಂಗ್ ಮೇಲೆ ಹೋದರೆ ದೂರ ಹೆಚ್ಚಾಗುವುದು ಇನ್ನೂರು ಕಿ.ಮೀ.ಗೂ ಕಡಿಮೆ, ದಾರಿ ಹೆಚ್ಚುಕಡಿಮೆ ಅದೇ. ಸಮಯ ಹಾಗಲ್ಲ. ಮೊದಲ ಹಾರಾಟಕ್ಕೆ ನಾಲ್ಕು ಗಂಟೆಯ ಹತ್ತಿರ, ಎರಡನೆಯದಕ್ಕೆ ನಾಲ್ಕು ಗಂಟೆ, ನಡುವೆ ಕಾಯಲು ಎರಡು. ಒಟ್ಟು ಹತ್ತು. ಆ 50 ನಿಮಿಷವನ್ನು ಎರಡು ಸಲ ತೆರುತ್ತಿದ್ದೀರಿ, ಕಾಯುವುದು ಅದರ ಮೇಲೆ. ಬೇರೆ ಬೇರೆ ಕಂಪನಿಗಳ ಎರಡು ಬಿಡಿ ಟಿಕೆಟ್ ತೆಗೆದುಕೊಂಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ನಿಮ್ಮದೇ. ಒಂದೇ ಬುಕಿಂಗ್‌ನಲ್ಲಿ ಎರಡೂ ಇರಲಿ.

ಬೇರೆ ಜೋಡಿಗಳಿಗೆ ಬಳಸುವಾಗ

ಸಮುದ್ರದ ಮೇಲಿನ ದಾರಿಗಳಿಗೆ ಶೇಕಡಾ 4ರ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಏಷ್ಯಾದ ಒಳಭಾಗದಲ್ಲಿ ಹೊಂದುವುದಿಲ್ಲ. ದೆಹಲಿ–ಬೀಜಿಂಗ್ ನೇರ ಅಳತೆ ಸುಮಾರು 3,800 ಕಿ.ಮೀ., ಗೆರೆ ಎಳೆದರೆ ಹಿಮಾಲಯ, ಟಿಬೆಟ್ ಮೇಲೆ ಹೋಗುತ್ತದೆ. ವಿಮಾನದೊಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಬೇಗನೆ 10,000 ಅಡಿಯ ಸುಮಾರಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿದೆ, ಅಂದರೆ 14,000 ಅಡಿಗೂ ಮೇಲೆ. ಇಳಿಯಲು ಜಾಗವಿಲ್ಲದ ಕಡೆ ಹಾರುವುದಕ್ಕಿಂತ ಸುತ್ತಿ ಹೋಗುವುದನ್ನೇ ಹೆಚ್ಚಿನ ಕಂಪನಿಗಳು ಆರಿಸಿಕೊಳ್ಳುತ್ತವೆ.

ಮುಚ್ಚಿದ ಆಕಾಶ ಇನ್ನೊಂದು ಕಾರಣ. ದೆಹಲಿಯಿಂದ ತಾಷ್ಕೆಂಟ್ ಸುಮಾರು 1,580 ಕಿ.ಮೀ. ಮಾತ್ರ, ಸೂತ್ರದ ಪ್ರಕಾರ ಮೂರು ಗಂಟೆಯೊಳಗೆ ತಲುಪಬೇಕು. ಆದರೆ ನೇರ ದಾರಿ ಪಾಕಿಸ್ತಾನದ ಮೇಲೆ ಹೋಗುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ಈ ಮೂರು ಗಂಟೆಗೆ ಅರ್ಥವೇ ಉಳಿಯಲಿಲ್ಲ. ಇಂಥ ಜೋಡಿಗಳಿಗೆ ಮೊದಲು ಆರನೇ ಹಂತ ಮಾಡಿ, ನಿನ್ನೆಯ ವಿಮಾನ ಯಾವ ಕಡೆಯಿಂದ ಹೋಯಿತು ನೋಡಿ, ಆಮೇಲೆ ಕ್ಯಾಲ್ಕ್ಯುಲೇಟರ್ ತೆಗೆಯಿರಿ.